ಅರ್ಧ ಗೆರೆ ಬಲಕ್ಕೆ ನಿಂತ ಮುಳ್ಳು

ಎಡಚಿ ವಿದ್ಯುತ್ತು ಹರಿಸುವ ಪ್ಲಗ್ ಕೀ ಹಾಕಿದಳು. ಗ್ಯಾಲ್ವನೋಮೀಟರಿನ ಮುಳ್ಳು ಮಿಸುಕಲಿಲ್ಲ. ತೆಗೆದು ಮತ್ತೆ ಹಾಕಿದಳು. ಆಗಲೂ ಇಲ್ಲ.

ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ಶುರುವಾಗಿ ಎರಡು ಗಂಟೆಯಾಗಿತ್ತು. ಉದ್ದನೆಯ ಪ್ರಯೋಗಶಾಲೆಯಲ್ಲಿ ಎಂಟು ಮೇಜು, ಎಂಟು ವಿದ್ಯಾರ್ಥಿಗಳು, ಎಲ್ಲರೂ ಕಿಟಕಿಗಳತ್ತ ಮುಖ ಮಾಡಿ ತಲೆ ತಗ್ಗಿಸಿದ್ದರು. ನಾಲ್ಕನೆಯ ಮೇಜಿನ ಹುಡುಗಿಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತಿತ್ತು. ಬರೆಯುವುದು, ತಿರುಪು ಬಿಗಿಯುವುದು, ಬೆರಳು ತೋರಿಸಿ ವಾದ ಮಾಡುವುದು ಎಲ್ಲವೂ ಎಡಗೈಯಲ್ಲೇ ಆದ್ದರಿಂದ ಎಲ್ಲರ ಬಾಯಲ್ಲೂ ಅವಳು ಎಡಚಿ. ಅವಳಿಗೆ ಬಂದಿದ್ದ ಪ್ರಯೋಗ, ಗ್ಯಾಲ್ವನೋಮೀಟರನ್ನು ಅಮ್ಮೀಟರಾಗಿ ಪರಿವರ್ತಿಸುವುದು.

ಗ್ಯಾಲ್ವನೋಮೀಟರ್ ಬಲು ನಾಜೂಕಿನ ಸಾಮಾನು. ಚಿಟಿಕೆಯಷ್ಟು ವಿದ್ಯುತ್ತು ಹರಿದರೆ ಮುಳ್ಳು ಓಡುತ್ತದೆ. ಹಿಡಿಯಷ್ಟು ಹರಿದರೆ ಒಳಗಿನ ಕೂದಲೆಳೆಯ ಸುರುಳಿ ಸುಟ್ಟುಹೋಗುತ್ತದೆ. ದೊಡ್ಡ ಪ್ರವಾಹವನ್ನು ಅದರಿಂದ ಅಳೆಯಬೇಕಾದರೆ ಎರಡು ತಿರುಪುಗಳ ನಡುವೆ ಗಿಡ್ಡ ತಂತಿಯ ತುಂಡೊಂದನ್ನು ಅಡ್ಡ ಬಿಗಿಯಬೇಕು. ಅದೇ ಷಂಟ್. ವಿದ್ಯುತ್ತೆಲ್ಲ ಆ ತಂತಿಯಲ್ಲಿ ಹೋಗಿ ಸುರುಳಿಯ ಪಾಲಿಗೆ ಚಿಟಿಕೆ ಮಾತ್ರ ಉಳಿಯುತ್ತದೆ. ಒಂದೊಂದು ಗ್ಯಾಲ್ವನೋಮೀಟರಿನ ಸುರುಳಿಯೂ ಒಂದೊಂದು ಥರ, ಆದ್ದರಿಂದ ಒಂದಕ್ಕೆ ಅಳೆದು ಕತ್ತರಿಸಿದ ತುಂಡು ಇನ್ನೊಂದಕ್ಕೆ ಹೊಂದುವುದಿಲ್ಲ. ಎಡಚಿ ತನ್ನ ಸುರುಳಿಯ ರೋಧ ಅಳೆದು, ಲೆಕ್ಕ ಹಾಕಿ, ಎಂಟು ಸೆಂಟಿಮೀಟರಿನ ಷಂಟ್ ಬಿಗಿದಿದ್ದಳು. ಕೀ ಹಾಕುವ ಮೊದಲು ಪರೀಕ್ಷಕರ ಮೇಜಿಗೆ ಹೋಗಿ ಲೆಕ್ಕಕ್ಕೆ ಸಹಿ ಹಾಕಿಸಿಕೊಳ್ಳಬೇಕೆಂಬುದು ನಿಯಮ. ಅಲ್ಲಿ ಸಾಲಿತ್ತು. ಸಹಿ ಮಾಡಿಸಿಕೊಂಡು ಬರಲು ಏಳೆಂಟು ನಿಮಿಷ ಹಿಡಿಯಿತು. ಬಂದು ಕೀ ಹಾಕಿದರೆ ಹೀಗೆ.

ಅವಳು ಕೈ ಎತ್ತಿದ್ದನ್ನು ಕಂಡು ಚಿಕ್ಕ ಮೇಷ್ಟ್ರು ಬಂದ. ಪ್ರಯೋಗಗಳನ್ನು ತೋರಿಸಿಕೊಡುವ ಕೆಲಸಕ್ಕೆ ಸೇರಿ ಅವನಿಗೆ ಹನ್ನೊಂದು ತಿಂಗಳು. ಇನ್ನೊಂದು ತಿಂಗಳಿಗೆ ಕೆಲಸ ಕಾಯಂ ಆಗಬೇಕಿತ್ತು, ಅದಕ್ಕೆ ಶಿಫಾರಸು ಬರೆಯಬೇಕಾದವರು ಇದೇ ಪ್ರಯೋಗಶಾಲೆಯ ಮುಖ್ಯಸ್ಥರು. ಅವನು ಬಗ್ಗಿ ನೋಡಿದ. ಹೋಲಿಕೆಗೆಂದು ಅದೇ ಸಾಲಿನಲ್ಲಿ ಸೇರಿಸಿದ್ದ ಅಸಲಿ ಅಮ್ಮೀಟರು ಸೊನ್ನೆ ದಶಾಂಶ ನಾಲ್ಕು ತೋರಿಸುತ್ತಿತ್ತು. ಗ್ಯಾಲ್ವನೋಮೀಟರು ಮಾತ್ರ ಸೊನ್ನೆಯ ಮೇಲೆ ಹೆಣದಂತೆ ಬಿದ್ದಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಚಾಚಿಬಂದ ಕೈಯೊಂದು ಕೀ ಕಿತ್ತುಹಾಕಿತು.

"ಸುಟ್ಟಿದೀಯಾ" ಎಂದರು ಮುಳ್ಳು ಮೇಷ್ಟ್ರು.

ಪ್ರಯೋಗಶಾಲೆಯ ಮುಖ್ಯಸ್ಥರಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಇಪ್ಪತ್ತೆರಡು ವರ್ಷದಲ್ಲಿ ತನ್ನ ಕೈಯಲ್ಲಿ ಒಂದು ಮೀಟರಿನ ಮುಳ್ಳೂ ಬಾಗಿಲ್ಲ ಎಂದು ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಅವರು ಹೇಳಿಯೇ ಹೇಳುತ್ತಿದ್ದರು. ತಂತಿಯ ಕೊಕ್ಕೆ ಒಂದು ಕೂದಲು ಆಚೀಚೆ ಆದರೂ ಬಿಚ್ಚಿಸಿ ಮತ್ತೆ ಹಾಕಿಸುವ ಅಚ್ಚುಕಟ್ಟಿನ ಮನುಷ್ಯ. ಈಗ ಪರೀಕ್ಷಕರನ್ನು ಕರೆದು ಸಲೀಸಾಗಿ ವಿವರಿಸಿದರು: ಹುಡುಗಿ ಮೊದಲು ಷಂಟ್ ಇಲ್ಲದೆ ಕೀ ಹಾಕಿದ್ದಾಳೆ, ಸುರುಳಿ ಸುಟ್ಟಿದೆ, ಆಮೇಲೆ ಗಾಬರಿಯಾಗಿ ಷಂಟ್ ಬಿಗಿದು ಏನೂ ಗೊತ್ತಿಲ್ಲದವಳ ಹಾಗೆ ಸಹಿಗೆ ಬಂದಿದ್ದಾಳೆ.

ಎಡಚಿ ತಾನು ಹಾಗೆ ಮಾಡಿಲ್ಲ ಎಂದಳು. ಆಮೇಲೆ ಇನ್ನೊಂದು ಗ್ಯಾಲ್ವನೋಮೀಟರ್ ಕೊಡಿ, ಮೊದಲಿನಿಂದ ಮಾಡಿ ತೋರಿಸುತ್ತೇನೆ ಎಂದು ಕೇಳಿದಳು. ಹೆಚ್ಚುವರಿಯಾಗಿ ಒಂದು ಗ್ಯಾಲ್ವನೋಮೀಟರನ್ನು ಅವಳ ಮೇಜಿನ ಪಕ್ಕದಲ್ಲೇ, ಗೋಡೆ ಬದಿಯ ಸ್ಟೂಲಿನ ಮೇಲೆ, ಹಸಿರು ಬಟ್ಟೆ ಮುಚ್ಚಿ ಇಟ್ಟಿದ್ದರು. ಪರೀಕ್ಷೆಯಲ್ಲಿ ಯಾವುದಾದರೂ ಕೈಕೊಟ್ಟರೆ ಇರಲಿ ಎಂದೇ ಇಡುವುದು.

"ಇದನ್ನೂ ಸುಡೋದಕ್ಕಾ? ಕೊಡಲ್ಲ" ಎಂದು ಮುಳ್ಳು ಮೇಷ್ಟ್ರು ಬಟ್ಟೆಯ ಮೇಲೆ ಕೈ ಇಟ್ಟರು.

ಆಮೇಲೆ ಬಿಳಿ ಹಾಳೆಯೊಂದನ್ನು ಅವಳ ಮುಂದಿಟ್ಟು, ತಾವೇ ಹೇಳಿ ಅವಳ ಕೈಯಲ್ಲಿ ಬರೆಸಿದರು: 'ನನ್ನ ಅಜಾಗರೂಕತೆಯಿಂದ ಗ್ಯಾಲ್ವನೋಮೀಟರ್ ಸುಟ್ಟುಹೋಗಿದೆ. ಅದನ್ನು ಮುಚ್ಚಿಡಲು ಪ್ರಯತ್ನಿಸಿದ್ದೇನೆ. ಕ್ಷಮೆ ಕೋರುತ್ತೇನೆ.' ಸಹಿ ಹಾಕಿದರೆ ಪಾಸಾಗುವಷ್ಟು ಅಂಕ ಕೊಡಿಸುವುದಾಗಿಯೂ, ಇಲ್ಲದಿದ್ದರೆ ಸೊನ್ನೆ ಎಂದೂ ತಿಳಿಸಿದರು. ನಾಲ್ಕು ಗಂಟೆಗೆ ಅಂಕಪಟ್ಟಿಯ ಲಕೋಟೆಗೆ ಅರಗು ಬೀಳುತ್ತದೆ, ಆಮೇಲೆ ದೇವರು ಬಂದರೂ ತಿದ್ದಲಾಗದು. ಸೊನ್ನೆ ಬಂದರೆ ಎಡಚಿಗೆ ಒಂದು ವರ್ಷ ಹೋದ ಹಾಗೆಯೇ.

ಎಡಚಿ ಹಾಳೆಯನ್ನು ಪೂರ್ತಿ ಬರೆದಳು. ಸಹಿಯ ಜಾಗಕ್ಕೆ ಬಂದಾಗ ಪೆನ್ನಿನ ಮುಚ್ಚಳ ಹಾಕಿಬಿಟ್ಟಳು.

"ಅಕ್ಷರ ನಂದು ಸರ್, ಮಾತು ನಿಮ್ಮದು. ಸಹಿ ಹಾಕಲ್ಲ."

"ನಿನ್ನ ವರ್ಷ ಹೋಗುತ್ತೆ."

"ಹೋಗಲಿ."

ಅಮ್ಮೀಟರು ಸೊನ್ನೆ ದಶಾಂಶ ನಾಲ್ಕು ತೋರಿಸಿದ್ದನ್ನು ಚಿಕ್ಕ ಮೇಷ್ಟ್ರು ಕಣ್ಣಾರೆ ಕಂಡಿದ್ದ. ಅದರಲ್ಲೇನೋ ಇದೆ ಎಂದು ತಲೆಯ ಮೂಲೆಯಲ್ಲಿ ಹೊಳೆಯುತ್ತಿತ್ತು. ಆದರೆ ಮುಖ್ಯಸ್ಥರ ಎದುರು ನಾಲಿಗೆ ಏಳಲಿಲ್ಲ. ಏಳದ ನಾಲಿಗೆಯನ್ನು ಬೈದುಕೊಳ್ಳುತ್ತಾ, ಪರೀಕ್ಷೆ ಮುಗಿಯುತ್ತಲೇ ಪಕ್ಕದ ಬಾಗಿಲು ದಾಟಿ ರಿಪೇರಿ ಕೋಣೆಗೆ ಹೋದ.

ಅಲ್ಲಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕುಳಿತಿದ್ದವಳು ರಿಪೇರಿಯಮ್ಮ. ಮೂವತ್ತು ವರ್ಷದಿಂದ ಆ ಕಾಲೇಜಿನ ಮೀಟರು, ತಕ್ಕಡಿ, ಗಡಿಯಾರಗಳ ಹೊಟ್ಟೆ ಬಿಚ್ಚಿ ಸರಿಮಾಡುತ್ತ ಬಂದವಳು. ಬಿಚ್ಚಿ ನೋಡುವ ಚಟ ಯಂತ್ರಗಳಿಗೇ ನಿಂತಿರಲಿಲ್ಲ. ಹೋದ ವರ್ಷ ಕಾಣೆಯಾದ ಸ್ಟಾಪ್‌ವಾಚು ನಲವತ್ತು ಜೇಬುಗಳಲ್ಲಿ ಯಾವುದರಲ್ಲಿದೆ ಎಂದು, ಒಂದು ಜೇಬನ್ನೂ ಮುಟ್ಟದೆ, ಬರೀ ಟಿಕ್‌ಟಿಕ್ ಸದ್ದಿಗೆ ಕಿವಿಗೊಟ್ಟು ಹೇಳಿದ್ದಳು. ಅಂದಿನಿಂದ ಏನೇ ಕಳೆದರೂ ಕೆಟ್ಟರೂ ಜನ ಮೊದಲು ಬರುವುದು ಅವಳ ಬಾಗಿಲಿಗೆ. ಅವಳು ಚಿಕ್ಕ ಮೇಷ್ಟ್ರ ಸ್ವಂತ ದೊಡ್ಡಮ್ಮ, ತಾಯಿಯ ಅಕ್ಕ. ಇದು ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನೇ ಹೇಳಿಕೊಂಡಿರಲಿಲ್ಲ, ಎಲ್ಲರೆದುರು ಅವಳನ್ನು 'ನೀವು' ಎಂದೇ ಮಾತಾಡಿಸುತ್ತಿದ್ದ. ಅವಳಿಗೆ ಅದು ಗೊತ್ತಿತ್ತು, ನೋವೂ ಆಗಿತ್ತು, ಆದರೆ ಒಂದು ದಿನವೂ ಎತ್ತಿ ಆಡಿರಲಿಲ್ಲ.

ಅವನು ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದ. ಅವಳು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದಳು.

"ಟಕ್ ಅಂತಾ?"

ಅವನಿಗೆ ಅರ್ಥವಾಗಲಿಲ್ಲ. ಷಂಟ್ ಇಲ್ಲದೆ ಕೀ ಹಾಕಿದರೆ ಮುಳ್ಳು ಹಾರಿ ಬದಿಯ ತಡೆಗಂಬಿಗೆ ಬಡಿಯುತ್ತದೆ, ಆ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ ಎಂದು ಬಿಡಿಸಿ ಹೇಳಿದಳು. ಬೆಳಗಿನಿಂದ ಮಧ್ಯದ ಬಾಗಿಲು ತೆರೆದೇ ಇತ್ತು, ತನಗಂತೂ ಕೇಳಿಲ್ಲ. ಅವನು ಯೋಚಿಸಿ, ತನಗೂ ಕೇಳಲಿಲ್ಲ ಎಂದ. ಮೂರನೆಯ ಮೇಜಿನ ರೆಸಿಸ್ಟೆನ್ಸ್ ಬಾಕ್ಸಿನಲ್ಲಿ ಸಿಕ್ಕಿಕೊಂಡಿದ್ದ ಪ್ಲಗ್ ಕೀಳುತ್ತ, ಅವನು ನಾಲ್ಕನೆಯ ಮೇಜಿಗೆ ಬೆನ್ನು ಮಾಡಿ ಬಹಳ ಹೊತ್ತು ಅಲ್ಲೇ ನಿಂತಿದ್ದ.

"ಹಾಗಾದ್ರೆ ನಡಿ" ಎಂದು ಅವಳು ಎದ್ದಳು.

ಮೂರು ಗಂಟೆಗೆ ಪರೀಕ್ಷೆ ಮುಗಿದು ಉಳಿದ ವಿದ್ಯಾರ್ಥಿಗಳು ಹೊರಟಿದ್ದರು. ಎಡಚಿ ಮಾತ್ರ ತನ್ನ ಸ್ಟೂಲಿನ ಮೇಲೆ ಕಲ್ಲಿನ ಹಾಗೆ ಕುಳಿತಿದ್ದಳು. ರಿಪೇರಿಯಮ್ಮ ನಾಲ್ಕನೆಯ ಮೇಜನ್ನು ಒಂದು ಸುತ್ತು ಹಾಕಿದಳು. ಏನನ್ನೂ ಮುಟ್ಟಲಿಲ್ಲ. ಬಗ್ಗಿ ಗ್ಯಾಲ್ವನೋಮೀಟರಿನ ತಿರುಪುಗಳನ್ನು ನೋಡಿದಳು, ಮುಖ ಹತ್ತಿರ ಒಯ್ದು ಮೂಸಿದಳು. ಆಮೇಲೆ ಪ್ರವಾಹ ಹೆಚ್ಚುಕಡಿಮೆ ಮಾಡುವ ರಿಯೋಸ್ಟಾಟ್, ಬ್ಯಾಟರಿ, ಅಮ್ಮೀಟರ್, ಒಂದೊಂದರ ಬಳಿಯೂ ನಿಂತು ತಂತಿಗಳು ಕೂರುವ ಜಾಗವನ್ನು ನೋಡಿದಳು. ಉತ್ತರ ಪತ್ರಿಕೆ ತರಿಸಿ ಮೊದಲ ಪುಟ ಓದಿದಳು. ಅಲ್ಲಿ ಅಳತೆಗಳ ಪಟ್ಟಿಗೂ ಮೊದಲು ಎಡಚಿ ಒಂದು ಸಾಲು ಬರೆದಿದ್ದಳು: 'ಪ್ರವಾಹ ಇಲ್ಲದಾಗ ಮುಳ್ಳು ಸೊನ್ನೆಯಿಂದ ಅರ್ಧ ಗೆರೆ ಬಲಕ್ಕಿದೆ.'

"ಇದನ್ನ ಯಾಕೆ ಬರೆದೆ?"

"ಇತ್ತು, ಬರೆದೆ."

ರಿಪೇರಿಯಮ್ಮನ ಮುಖದಲ್ಲಿ ಮೊದಲ ಸಲ ನಗು ಕಾಣಿಸಿತು. ಪರೀಕ್ಷಕರ ಬಳಿ ಹೋಗಿ, ಲಕೋಟೆಗೆ ಅರಗು ಹಾಕುವ ಮೊದಲು ಕಾಲು ಗಂಟೆ ಕೊಡಬೇಕು ಎಂದು ಕೇಳಿಕೊಂಡಳು. ಬೇರೆ ಕಾಲೇಜಿನಿಂದ ಬಂದಿದ್ದ ಆ ಹೆಂಗಸು ಮಾತು ಕಡಿಮೆಯವರು. ಗಡಿಯಾರ ನೋಡಿ, "ಮೂರೂ ಕಾಲು. ನನಗೆ ಕತೆ ಬೇಡ, ಅಳತೆ ಬೇಕು" ಎಂದರು.

"ಅಳತೆನೇ ಕೊಡ್ತೀನಿ."

ಮುಳ್ಳು ಮೇಷ್ಟ್ರು ಮುಖ ಸಿಂಡರಿಸಿದರು. "ನೀನು ಒರೆಸೋದು, ಬಿಗಿಯೋದು ನೋಡ್ಕೋ. ಫಿಸಿಕ್ಸ್ ನಮಗೆ ಬಿಡು."

"ಇಲ್ಲಿ ಸುಟ್ಟ ಸುರುಳಿನೆಲ್ಲ ತಿರುಗಿ ಸುತ್ತಿದೋಳು ನಾನು ಸರ್. ಯಾವುದು ಯಾವಾಗ ಸುಟ್ಟಿದ್ದು ಅಂತ ಹೇಳೋಕೆ ನನಗೆ ಯಾರ ಅಪ್ಪಣೆನೂ ಬೇಡ. ಕೆಲಸದಿಂದ ತೆಗಿಬೇಕಾ, ನಾಳೆ ತೆಗೀರಿ. ಇವತ್ತು ಕೂತ್ಕೊಳ್ಳಿ."

ಅವರು ಕೂರಲಿಲ್ಲ, ಆದರೆ ಹೋಗಲೂ ಇಲ್ಲ. ಐದು ಜನ ನಾಲ್ಕನೆಯ ಮೇಜಿನ ಸುತ್ತ ನಿಂತರು. ರಿಪೇರಿಯಮ್ಮ ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡು ಶುರುಮಾಡಿದಳು.

ಮೊದಲು ಮುಳ್ಳಿನ ವಿಷಯ. ಎರಡು ವೋಲ್ಟಿನ ಬ್ಯಾಟರಿಗೆ ಷಂಟ್ ಇಲ್ಲದೆ ತಗುಲಿಸಿದರೆ ಈ ಮೀಟರು ತಾಳುವುದರ ಮೂವತ್ತು ಪಾಲಿಗೂ ಹೆಚ್ಚು ವಿದ್ಯುತ್ತು ನುಗ್ಗುತ್ತದೆ. ಮುಳ್ಳು ಬಡಿದ ಸದ್ದು ಬರಬೇಕು. ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದವಾಗಿದ್ದ ಪರೀಕ್ಷೆಯಲ್ಲಿ ಯಾರಿಗೂ ಅದು ಕೇಳಿಲ್ಲ. ಸುರುಳಿಯ ವಾರ್ನಿಷ್ ಸುಟ್ಟರೆ ಅರ್ಧ ದಿನ ವಾಸನೆ ಉಳಿಯುತ್ತದೆ, ಈ ಡಬ್ಬಿಯಲ್ಲಿ ಧೂಳಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಅಂದರೆ ಇದು ಇವತ್ತು ಸುಟ್ಟದ್ದಲ್ಲ.

"ಆದರೆ ಇವತ್ತು ಇವಳು ಇದರಲ್ಲೇ ಸುರುಳಿಯ ರೋಧ ಅಳೆದಿದಾಳೆ" ಎಂದರು ಪರೀಕ್ಷಕರು. "ತೊಂಬತ್ತಾರು ಓಮ್. ಅಳತೆಗಳನ್ನ ನಾನೇ ನೋಡಿದೀನಿ. ಸತ್ತಿರೋ ಮೀಟರಲ್ಲಿ ಅಳೆಯೋಕಾಗಲ್ಲ."

"ಅದೇ ಮೇಡಂ. ಇದರಲ್ಲಿ ಅವಳು ಅಳೆದೇ ಇಲ್ಲ. ಇದು ಅವಳ ಮೀಟರೇ ಅಲ್ಲ."

ರಿಪೇರಿಯಮ್ಮ ಪಕ್ಕದ ಮೇಜಿನಿಂದ ಇನ್ನೊಂದು ಗ್ಯಾಲ್ವನೋಮೀಟರ್ ತಂದು ಜೊತೆಗಿಟ್ಟಳು. ಅದರ ಹಿತ್ತಾಳೆ ತಿರುಪುಗಳು ಹೊಸ ನಾಣ್ಯದಂತೆ ಹೊಳೆಯುತ್ತಿದ್ದವು. ಎಡಚಿಯ ಮೇಜಿನದ್ದರ ತಿರುಪುಗಳು ಮಂಕಾಗಿ, ಸಂದಿಯಲ್ಲಿ ಹಸಿರು ಕಿಲುಬು ಕಟ್ಟಿತ್ತು. ಪ್ರತಿ ಪರೀಕ್ಷೆಯ ಹಿಂದಿನ ದಿನ ಎಂಟು ಮೇಜಿನ ಮೀಟರುಗಳ ತಿರುಪುಗಳನ್ನೂ ಅವಳು ಉಪ್ಪುಕಾಗದದಲ್ಲಿ ಉಜ್ಜುತ್ತಾಳೆ, ನಿನ್ನೆಯೂ ಉಜ್ಜಿದ್ದಾಳೆ. ಉಜ್ಜದೆ ಬಿಟ್ಟದ್ದು ಒಂದೇ ಒಂದು. ಹೆಚ್ಚುವರಿ ಮೀಟರನ್ನು ಈ ಸಲ ಮುಳ್ಳು ಮೇಷ್ಟ್ರು ತಮ್ಮ ಬೀರುವಿನಿಂದ ತಾವೇ ತಂದು ಸ್ಟೂಲಿನ ಮೇಲಿಟ್ಟು ಬಟ್ಟೆ ಮುಚ್ಚಿದ್ದರು. ಅವಳು ಉಪ್ಪುಕಾಗದ ಹಿಡಿದು ಹೋದಾಗ, ಇದರ ತಂಟೆಗೆ ಬರಬೇಡ ಎಂದು ಕಳಿಸಿದ್ದರು.

ಅವಳು ಹಸಿರು ಬಟ್ಟೆ ಎಳೆದಳು. ಅದರ ಕೆಳಗಿದ್ದ ಮೀಟರಿನ ತಿರುಪುಗಳು ಫಳಫಳ ಎನ್ನುತ್ತಿದ್ದವು. ಅದರ ಮುಳ್ಳು ಸೊನ್ನೆಯಿಂದ ಅರ್ಧ ಗೆರೆ ಬಲಕ್ಕೆ ನಿಂತಿತ್ತು.

ಎಡಚಿ ಸ್ಟೂಲಿನಿಂದ ಎದ್ದು ನಿಂತಳು.

ಅರ್ಧ ಗೆರೆ ಎಷ್ಟೋ ಮೀಟರುಗಳಲ್ಲಿ ಇರುತ್ತದೆ, ಇದರಿಂದ ಏನು ಸಾಬೀತಾಯಿತು ಎಂದು ಮುಳ್ಳು ಮೇಷ್ಟ್ರು ಕೇಳಿದರು. ಧ್ವನಿ ಮಾತ್ರ ಮೊದಲಿನಷ್ಟು ಗಟ್ಟಿಯಿರಲಿಲ್ಲ. ಬೇಕಾದರೆ ಹುಡುಗಿಯೇ ಬದಲಾಯಿಸಿರಬಹುದು, ತಾನು ಸುಟ್ಟದ್ದನ್ನು ಮುಚ್ಚಿಕೊಳ್ಳಲು ಎಂದೂ ಸೇರಿಸಿದರು.

"ಬದಲಾಯಿಸೋಳು ಚೆನ್ನಾಗಿರೋದನ್ನ ಬಟ್ಟೆ ಕೆಳಗಿಟ್ಟು ಸತ್ತಿದ್ದನ್ನ ತಾನು ಇಟ್ಕೋತಾಳಾ ಸರ್?" ಎಂದಳು ರಿಪೇರಿಯಮ್ಮ. "ಇನ್ನೂ ಒಂದಿದೆ. ಮೇಡಂ, ಈ ಮೇಜಿನ ತಂತಿಗಳ ಕೊಕ್ಕೆ ನೋಡಿ. ಬ್ಯಾಟರಿ, ಕೀ, ರಿಯೋಸ್ಟಾಟ್, ಅಮ್ಮೀಟರ್, ಎಲ್ಲಾ ಕಡೆ ಕೊಕ್ಕೆ ಎಡಸುತ್ತು."

ತಂತಿಯ ತುದಿಯನ್ನು ತಿರುಪಿಗೆ ಬಲಸುತ್ತಾಗಿ, ಗಡಿಯಾರದ ಮುಳ್ಳು ತಿರುಗುವ ಕಡೆಗೆ, ಸುತ್ತಬೇಕು, ಆಗ ತಿರುಪು ಬಿಗಿದಂತೆಲ್ಲ ಅದು ಒಳಗೆ ಸೇರಿಕೊಳ್ಳುತ್ತದೆ. ಎಡಚಿಯ ಕೈಗೆ ಬರುವುದು ಎಡಸುತ್ತೇ. ಅದಕ್ಕಾಗಿ ವರ್ಷವಿಡೀ ಮುಳ್ಳು ಮೇಷ್ಟ್ರಿಂದ ಬೈಸಿಕೊಂಡಿದ್ದಾಳೆ, ಒಂದು ದಿನವೂ ಬದಲಾಯಿಸಿಕೊಂಡಿಲ್ಲ. ಆದರೆ ಸತ್ತ ಗ್ಯಾಲ್ವನೋಮೀಟರಿನ ಮೇಲಿದ್ದ ನಾಲ್ಕು ಕೊಕ್ಕೆಗಳು, ಷಂಟಿನ ಎರಡು ತುದಿ ಮತ್ತು ಹೊರತಂತಿಗಳ ಎರಡು ತುದಿ, ಮುದ್ದಾದ ಬಲಸುತ್ತಿನಲ್ಲಿ, ಪಠ್ಯಪುಸ್ತಕದ ಚಿತ್ರದ ಹಾಗೆ ಕೂತಿದ್ದವು.

"ಹುಡುಗಿ ಸಹಿಗೆ ಸಾಲಲ್ಲಿ ನಿಂತಿದ್ದಾಗ ಎರಡು ತಿರುಪು ಸಡಿಲಿಸಿ, ಮೀಟರು ಬದಲಾಯಿಸಿ, ಮತ್ತೆ ಬಿಗಿಯೋಕೆ ಅರ್ಧ ನಿಮಿಷ ಸಾಕು. ಕಳ್ಳ ಆದವನು ಹೇಗಿತ್ತೋ ಹಾಗೇ ಸುತ್ತಬೇಕಿತ್ತು. ಆದರೆ ಆ ಕೈಗೆ ತಪ್ಪಾಗಿ ಸುತ್ತೋಕೆ ಬರಲಿಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ನೋಡಿ."

ಪರೀಕ್ಷಕರು ಬಗ್ಗಿ ನಾಲ್ಕೂ ಕೊಕ್ಕೆಗಳನ್ನು ನೋಡಿದರು. ಆಮೇಲೆ ಮುಳ್ಳು ಮೇಷ್ಟ್ರ ಕಡೆಗೆ ನೋಡಿದರು. ಆದರೂ, ತನಗೆ ಹೇಳಿದ ಅಳತೆ ಇನ್ನೂ ಬಂದಿಲ್ಲ ಎಂದರು.

ಹನ್ನೊಂದು ತಿಂಗಳು, ಶಿಫಾರಸು, ಮನೆಯಲ್ಲಿ ಕಾಯುತ್ತಿರುವ ಅಮ್ಮನ ಮುಖ ಎಲ್ಲ ಚಿಕ್ಕ ಮೇಷ್ಟ್ರ ಕಣ್ಣ ಮುಂದೆ ಬಂದವು. ಪಕ್ಕದಲ್ಲಿ, ವರ್ಷ ಹೋದರೆ ಹೋಗಲಿ ಎಂದ ಹುಡುಗಿ ನಿಂತಿದ್ದಳು. ಎದುರಿಗೆ, ನಾಳೆ ಕೆಲಸದಿಂದ ತೆಗೀರಿ ಎಂದವಳು. ಅವನಿಗೆ ತನ್ನ ಮೇಲೆಯೇ ಕೋಪ ಬಂತು.

"ಮೇಡಂ, ನಾನು ನೋಡಿದೀನಿ" ಎಂದ. "ಕೀ ಹಾಕಿದಾಗ ಅಮ್ಮೀಟರ್ ಸೊನ್ನೆ ದಶಾಂಶ ನಾಲ್ಕು ತೋರಿಸ್ತಿತ್ತು. ಅಷ್ಟೂ ವಿದ್ಯುತ್ತು ಷಂಟಲ್ಲೇ ಹೋಗ್ತಿತ್ತು, ಷಂಟ್ ಸರಿಯಾಗೇ ಇತ್ತು. ಆಗಲೇ ಹೇಳಬೇಕಿತ್ತು. ಹೆದರಿಕೊಂಡೆ." ಆಮೇಲೆ ರಿಪೇರಿಯಮ್ಮನ ಕಡೆಗೆ ತಿರುಗಿದ. "ದೊಡ್ಡಮ್ಮಾ, ಅದೇ ಷಂಟನ್ನ ಈ ಮೀಟರಿಗೆ ಹಾಕಿಸು. ಇದು ಅವಳದೇ ಆದ್ರೆ ಗೆರೆ ಗೆರೆಗೂ ಹೊಂದುತ್ತೆ. ಬೇರೆಯವರದಾದ್ರೆ ಹೊಂದಲ್ಲ."

ದೊಡ್ಡಮ್ಮ ಅವನನ್ನೇ ನೋಡಿದಳು. "ಅದನ್ನೇ ಹೇಳಬೇಕು ಅಂತಿದ್ದೆ" ಎಂದು ಎಡಚಿಗೆ ಜಾಗ ಬಿಟ್ಟಳು.

ಎಡಚಿ ಸತ್ತ ಮೀಟರಿನಿಂದ ಷಂಟ್ ಬಿಚ್ಚಿದಳು. ಬಲಸುತ್ತಿನ ಕೊಕ್ಕೆಗಳನ್ನು ಇಕ್ಕಳದಿಂದ ನೆಟ್ಟಗೆ ಮಾಡಿ, ಎಡಕ್ಕೆ ಸುತ್ತಿ, ಹೊಳೆಯುವ ತಿರುಪುಗಳ ಕೆಳಗೆ ಬಿಗಿದಳು. ಮೊದಲು ಪರೀಕ್ಷಕರಿಗೆ ತೋರಿಸಿದಳು. ಅವರು ತಲೆಯಾಡಿಸಿದ ಮೇಲೆ ಕೀ ಹಾಕಿದಳು.

ಪೂರ್ತಿ ಮೂವತ್ತು ಗೆರೆಗೆ ಸೊನ್ನೆ ದಶಾಂಶ ಆರು ಆಂಪಿಯರ್ ಎಂಬ ಲೆಕ್ಕದಲ್ಲಿ ಆ ತಂತಿ ಕತ್ತರಿಸಿದ್ದು. ರಿಯೋಸ್ಟಾಟ್ ಸರಿಸಿ ಅಸಲಿ ಅಮ್ಮೀಟರನ್ನು ಸೊನ್ನೆ ದಶಾಂಶ ಎರಡಕ್ಕೆ ನಿಲ್ಲಿಸಿದಾಗ ಗ್ಯಾಲ್ವನೋಮೀಟರ್ ಹತ್ತು ಗೆರೆ ಸರಿಯಿತು. ನಾಲ್ಕಕ್ಕೆ ಇಪ್ಪತ್ತು. ಆರಕ್ಕೆ ಮೂವತ್ತು. ಪ್ರತಿ ಸಲವೂ ಆ ಹಳೆಯ ಅರ್ಧ ಗೆರೆ ಕಳೆದು ಓದಬೇಕಿತ್ತು, ಅಷ್ಟೇ. ಪರೀಕ್ಷಕರು ಅದೇ ಷಂಟನ್ನು ಉಳಿದ ಮೇಜುಗಳ ಎರಡು ಮೀಟರುಗಳಿಗೂ ಹಾಕಿಸಿ ನೋಡಿದರು. ಒಂದು ಎರಡು ಗೆರೆ ಹಿಂದೆ ಉಳಿಯಿತು, ಇನ್ನೊಂದು ಮೂರು ಗೆರೆ ಮುಂದೆ ಹೋಯಿತು.

"ಹೋದ ವಾರ ಇಲ್ಲಿ ಸುಟ್ಟ ವಾಸನೆ ಬಂತು" ಎಂದಳು ರಿಪೇರಿಯಮ್ಮ, ಈಗ ಮೆತ್ತಗೆ. "ಏನು ಸರ್ ಅಂದ್ರೆ ಬಿಸಿಲಿಗೆ ಮೇಜಿನ ವಾರ್ನಿಷ್ ಕಾದಿದೆ ಅಂದ್ರಿ. ಈ ಮೇಜುಗಳು ವಾರ್ನಿಷ್ ಕಂಡು ಹತ್ತು ವರ್ಷ ಆಯ್ತು. ಅವತ್ತು ಏನಾಯ್ತು?"

ಷಂಟ್ ಹಾಕಲು ಮರೆತೆ, ಎಂದರು ಮುಳ್ಳು ಮೇಷ್ಟ್ರು. ಪಾಠಕ್ಕೆಂದು ಒಬ್ಬರೇ ಜೋಡಿಸಿಕೊಳ್ಳುತ್ತಿದ್ದಾಗ, ಮೊದಲ ವರ್ಷದ ಮಕ್ಕಳು ಮಾಡುವ ತಪ್ಪು ಅವರ ಕೈಯಲ್ಲಿ ಆಗಿತ್ತು. ಇಪ್ಪತ್ತೆರಡು ವರ್ಷ ಹೇಳಿಕೊಂಡು ಬಂದ ಮಾತು ಹೋಗುತ್ತದೆಂದು ಬೀರುವಿನಲ್ಲಿ ಬಚ್ಚಿಟ್ಟರು. ಸುಟ್ಟ ಮೀಟರಿಗೆ ಯಾರದಾದರೂ ಹೆಸರು ಬೇಕಿತ್ತು. ಯಾವಾಗಲೂ ವಾದ ಮಾಡುವ ಹುಡುಗಿ ಇವತ್ತು ವಾದ ಮಾಡಿದರೆ ಯಾರೂ ನಂಬುವುದಿಲ್ಲ ಎಂದುಕೊಂಡಿದ್ದರು.

ಪರೀಕ್ಷಕರು ಅಂಕಪಟ್ಟಿ ತೆರೆದು ಎಡಚಿಯ ಸಾಲಿನಲ್ಲಿ ಬರೆದರು. ಎಷ್ಟು ಎಂದು ತೋರಿಸಲಿಲ್ಲ, ಆದರೆ ಎರಡು ಅಂಕಿ ಬರೆದದ್ದು ಎಲ್ಲರಿಗೂ ಕಂಡಿತು. ಪ್ರಿನ್ಸಿಪಾಲರಿಗೆ ಕೊಡಬೇಕಾದ ವರದಿಗೆ ಹೇಳಿಕೆಯೊಂದು ಬೇಕು ಎಂದು ಮುಳ್ಳು ಮೇಷ್ಟ್ರಿಗೆ ತಿಳಿಸಿದರು. ಅವರು ಹಾಳೆ ಹುಡುಕತೊಡಗಿದಾಗ ಎಡಚಿ ತನ್ನ ಮುಂದಿದ್ದ ಹಾಳೆಯನ್ನು ಅವರತ್ತ ತಳ್ಳಿದಳು.

"ಇದೇ ಸಾಕು ಸರ್. ನನ್ನ ಅಜಾಗರೂಕತೆಯಿಂದ ಸುಟ್ಟಿದೆ, ಮುಚ್ಚಿಡಲು ಪ್ರಯತ್ನಿಸಿದ್ದೇನೆ, ಕ್ಷಮೆ ಕೋರುತ್ತೇನೆ. ಒಂದಕ್ಷರ ತಿದ್ದಬೇಕಾಗಿಲ್ಲ. ಸಹಿ ಜಾಗ ಖಾಲಿ ಇದೆ."

ಮುಳ್ಳು ಮೇಷ್ಟ್ರು ಹಾಳೆಯನ್ನು ಎರಡು ಸಲ ಓದಿದರು. ಪೆನ್ನು ಕೇಳಿದರು. ಎಡಚಿ ತನ್ನದನ್ನೇ ಎಡಗೈಯಲ್ಲಿ ಚಾಚಿದಳು. ಅವರು ಸಹಿ ಹಾಕಿದರು.

ನಾಲ್ಕಕ್ಕೆ ಸರಿಯಾಗಿ ಲಕೋಟೆಗೆ ಅರಗು ಬಿತ್ತು. ಚಿಕ್ಕ ಮೇಷ್ಟ್ರು ಸತ್ತ ಮೀಟರನ್ನು ಎತ್ತಿಕೊಂಡು ರಿಪೇರಿ ಕೋಣೆಗೆ ಹೊರಟ. ಕೆಲಸ ಕಾಯಂ ಆಗುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಅದನ್ನು ಯೋಚಿಸುವ ಮನಸ್ಸೂ ಆಗ ಇರಲಿಲ್ಲ. ಬಾಗಿಲ ಬಳಿ ನಿಂತು, ಇಡೀ ಪ್ರಯೋಗಶಾಲೆಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದ.

"ದೊಡ್ಡಮ್ಮಾ, ಇದನ್ನ ಎಲ್ಲಿಡಲಿ?"

"ಮೇಜಿನ ಮೇಲಿಡು" ಎಂದಳು ಅವಳು. "ನಾಳೆ ಸುರುಳಿ ಸುತ್ತೋಣ. ಆ ಎಡಚಿನೂ ಬರಲಿ, ಕಲಿಸ್ತೀನಿ."